ಒಂದೇ ಎದೆಯೊಳಗೆ ಎರಡು ಕಾಯಿಲೆ: ಶ್ವಾಸಕೋಶದ ಕ್ಯಾನ್ಸರ್ ಇದ್ದವರ ಬಡಿತ ತಪ್ಪಿದಾಗ

ಶ್ವಾಸಕೋಶದ ಆಪರೇಷನ್ ಆದವರ ಮನೆಯವರಿಗೆ ಮೊದಲ ದಿನದ ಭಯ ಗೊತ್ತು. ಮೂರನೆಯ ದಿನದ್ದು ಗೊತ್ತಿರುವುದಿಲ್ಲ. ಗಡ್ಡೆ ಇದ್ದ ಭಾಗ ತೆಗೆದಾಗಿದೆ, ಐಸಿಯುನಿಂದ ವಾರ್ಡಿಗೆ ತಂದಾಗಿದೆ, ಬೆಳಿಗ್ಗೆ ಒಂದು ಇಡ್ಲಿಯೂ ಒಳಗೆ ಹೋಗಿದೆ. ಅಷ್ಟರಲ್ಲಿ ತಲೆದೆಸೆಯ ಮಾನಿಟರ್ ಕೂಗಿಕೊಳ್ಳತೊಡಗುತ್ತದೆ. 80ರ ಆಸುಪಾಸಿನಲ್ಲಿದ್ದ ಅಂಕಿ 140, ಮರುಕ್ಷಣ 118, ಆಮೇಲೆ 152. ನರ್ಸ್ ಇಸಿಜಿ ತೆಗೆಯುತ್ತಾರೆ, ಡಾಕ್ಟರ್ ಕಾಗದ ನೋಡಿ ‘ಎಎಫ್ ಆಗಿದೆ’ ಅನ್ನುತ್ತಾರೆ. ಹಾರ್ಟ್ ಅಟ್ಯಾಕಾ ಎಂದು ಮನೆಯವರು ಕೇಳುತ್ತಾರೆ. ಅಲ್ಲ. ಹಾಗಾದರೆ ಏನು? ಕ್ಯಾನ್ಸರ್ ಇದ್ದದ್ದು ಶ್ವಾಸಕೋಶದಲ್ಲಿ, ಹೃದಯಕ್ಕೇನಾಯಿತು?

ಈ ಪ್ರಶ್ನೆ ಈಗ ಮೊದಲಿಗಿಂತ ಹೆಚ್ಚು ಮನೆಗಳಲ್ಲಿ ಎದ್ದಿದೆ. ಶ್ವಾಸಕೋಶದ ಕ್ಯಾನ್ಸರ್ ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮಂದಿಗೆ ಬರುವ ಕ್ಯಾನ್ಸರ್. 2022ರ ಒಂದೇ ವರ್ಷದಲ್ಲಿ ಸುಮಾರು 25 ಲಕ್ಷ ಹೊಸ ರೋಗಿಗಳು. ಹಿಂದೆ ತಿಂಗಳುಗಳ ಲೆಕ್ಕದಲ್ಲಿ ಬದುಕುತ್ತಿದ್ದವರಲ್ಲಿ ಹಲವರು ಈಗ ದಿನಕ್ಕೊಂದು ಮಾತ್ರೆ ನುಂಗುತ್ತ ವರ್ಷಗಟ್ಟಲೆ ಓಡಾಡಿಕೊಂಡಿದ್ದಾರೆ. ಬದುಕಿನ ಅವಧಿ ಉದ್ದವಾದಂತೆ ಹೃದಯದ ತೊಂದರೆ ಕಾಣಿಸಿಕೊಳ್ಳಲು ಸಮಯವೂ ಸಿಕ್ಕಿದೆ. ಜೊತೆಗೆ ಮಗ ಕೊಡಿಸಿದ ಕೈಗಡಿಯಾರ ‘ನಾಡಿ ಕ್ರಮವಾಗಿಲ್ಲ’ ಎಂದು ತಾನಾಗಿಯೇ ಹೇಳುವ ಕಾಲ ಇದು.

## ವಿಷಲ್ ಊದುವವರು ಒಬ್ಬರೇ ಇರಬೇಕು

ಹೃದಯಕ್ಕೆ ನಾಲ್ಕು ಕೋಣೆ. ಮೇಲೆ ಎರಡು, ಕೆಳಗೆ ಎರಡು. ಶಾಲೆಯಲ್ಲಿ ಓದಿದ ಹೃತ್ಕರ್ಣ, ಹೃತ್ಕುಕ್ಷಿ ಇವೇ. ಇಲ್ಲಿ ಮೇಲ್ಕೋಣೆ, ಕೆಳಕೋಣೆ ಎಂದೇ ಕರೆಯೋಣ. ಬಲ ಮೇಲ್ಕೋಣೆಯ ಗೋಡೆಯಲ್ಲಿ ಒಂದು ಪುಟ್ಟ ಜೀವಕೋಶಗಳ ಗುಂಪಿದೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಲ ಅದು ಸಣ್ಣ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಸಂಕೇತ ಮೇಲ್ಕೋಣೆಗಳಲ್ಲಿ ಹರಡಿ, ನಡುವಿನ ಒಂದೇ ಒಂದು ಗೇಟಿನ ಮೂಲಕ ಕೆಳಗಿಳಿಯುತ್ತದೆ. ಕೆಳಕೋಣೆಗಳು ಹಿಂಡಿಕೊಂಡು ರಕ್ತ ಹೊರದೂಡುತ್ತವೆ. ಮಣಿಕಟ್ಟಿನಲ್ಲಿ ನಮಗೆ ಸಿಗುವ ನಾಡಿ ಅದೇ.

ಸರ್ಕಾರಿ ಬಸ್ಸನ್ನು ನೆನೆಸಿಕೊಳ್ಳಿ. ಕಂಡಕ್ಟರ್ ವಿಷಲ್ ಊದುತ್ತಾನೆ, ಡ್ರೈವರ್ ಬಸ್ ಎತ್ತುತ್ತಾನೆ. ಈಗ ಐವತ್ತು ಪ್ರಯಾಣಿಕರ ಬಾಯಲ್ಲೂ ಒಂದೊಂದು ವಿಷಲ್ ಇದೆ, ಎಲ್ಲರೂ ತಮಗೆ ತೋಚಿದಾಗ ಊದುತ್ತಿದ್ದಾರೆ ಅಂದುಕೊಳ್ಳಿ. ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಎಎಫ್, ಇದೇ ಸ್ಥಿತಿ. ಮೇಲ್ಕೋಣೆಯ ಸ್ನಾಯುವಿನಲ್ಲಿ ನಿಮಿಷಕ್ಕೆ 350ಕ್ಕೂ ಹೆಚ್ಚು ಸಂಕೇತಗಳು ಎಲ್ಲೆಂದರಲ್ಲಿ ಹುಟ್ಟುತ್ತವೆ. ಮೇಲ್ಕೋಣೆ ಹಿಂಡಿಕೊಳ್ಳುವುದನ್ನೇ ಬಿಟ್ಟು ಬರೀ ಅದುರುತ್ತದೆ. ನಡುವಿನ ಗೇಟು ಎಲ್ಲವನ್ನೂ ಒಳಬಿಡುವುದಿಲ್ಲ, ಪುಣ್ಯಕ್ಕೆ. ಆದರೂ ನುಸುಳಿದಷ್ಟಕ್ಕೇ ಕೆಳಕೋಣೆ ನಿಮಿಷಕ್ಕೆ 120, 150 ಸಲ, ಅದೂ ಲೆಕ್ಕ ತಪ್ಪಿ, ಬಡಿಯತೊಡಗುತ್ತದೆ.

ಇದರಿಂದ ಎರಡು ತೊಂದರೆ. ತುಂಬಿಕೊಳ್ಳಲು ಸಮಯವಿಲ್ಲದ ಹೃದಯ ಪ್ರತಿ ಸಲ ಕಡಿಮೆ ರಕ್ತ ದೂಡುತ್ತದೆ. ಸುಸ್ತು, ಏದುಸಿರು, ತಲೆ ಹಗುರಾಗುವುದು ಇದರಿಂದ. ಇನ್ನೊಂದು ಸದ್ದಿಲ್ಲದ್ದು. ಎಡ ಮೇಲ್ಕೋಣೆಗೆ ಜೇಬಿನಂಥ ಒಂದು ಮೂಲೆ ಇದೆ. ಹಿಂಡಿಕೊಳ್ಳದ ಕೋಣೆಯ ಆ ಮೂಲೆಯಲ್ಲಿ, ಕೆರೆಯಂಚಿನ ನಿಂತ ನೀರಿಗೆ ಪಾಚಿ ಕಟ್ಟಿದ ಹಾಗೆ, ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಳಚಿ ಮಿದುಳಿಗೆ ಹೋದರೆ ಲಕ್ವ. ಎಎಫ್ ಇರುವವರಲ್ಲಿ ಲಕ್ವದ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ದೀರ್ಘ ಅಧ್ಯಯನ 1991ರಲ್ಲೇ ತೋರಿಸಿತ್ತು.

ಬಡಿತ ತಪ್ಪುವುದರಲ್ಲಿ ಎಎಫ್ ಒಂದು ಬಗೆ ಮಾತ್ರ. ನಾಡಿ ತೀರಾ ನಿಧಾನವಾಗುವುದೂ ಇದೆ, ಕೆಳಕೋಣೆಯಿಂದಲೇ ಹುಚ್ಚು ಸಂಕೇತ ಹುಟ್ಟುವುದೂ ಇದೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಮೂರೂ ಬರಬಹುದು. ಹೆಚ್ಚಾಗಿ ಕಾಣುವುದು ಎಎಫ್.

## ನೆರೆಮನೆಯ ಗೋಡೆ

ಹೃದಯ, ಶ್ವಾಸಕೋಶ ಅಕ್ಕಪಕ್ಕದಲ್ಲಿವೆ ಎಂದು ಎಲ್ಲರಿಗೂ ಗೊತ್ತು. ಆದರೆ ಅವುಗಳ ನಡುವೆ ಗೋಡೆ ಇದೆಯೆಂದುಕೊಂಡರೆ ತಪ್ಪು. ಶ್ವಾಸಕೋಶದಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಸಾಮಾನ್ಯವಾಗಿ ನಾಲ್ಕು ರಕ್ತನಾಳಗಳ ಮೂಲಕ ನೇರವಾಗಿ ಎಡ ಮೇಲ್ಕೋಣೆಗೆ ಬಂದು ಬೀಳುತ್ತದೆ. ಈ ನಾಳಗಳ ಬಾಯಿಯೊಳಕ್ಕೆ ಹೃದಯದ ಸ್ನಾಯುವೇ ಅಂಗಿಯ ತೋಳಿನ ಹಾಗೆ ಒಂದಿಷ್ಟು ದೂರ ಚಾಚಿಕೊಂಡಿರುತ್ತದೆ. ಹೃದಯ ಎಲ್ಲಿ ಮುಗಿಯಿತು, ಶ್ವಾಸಕೋಶದ ನಾಳ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ.

1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಮಿಷೆಲ್ ಹೈಸಗೇರ್ ಮತ್ತು ಅವರ ಸಂಗಡಿಗರು, ಪದೇ ಪದೇ ಎಎಫ್ ಬರುತ್ತಿದ್ದ 45 ಮಂದಿಯ ಹೃದಯದೊಳಗೆ ತೆಳು ತಂತಿ ಇಳಿಸಿ, ಮೊದಲ ಕಿಡಿ ಹೊತ್ತುವುದು ಎಲ್ಲಿ ಎಂದು ಹುಡುಕಿದರು. 69 ಕಿಡಿತಾಣಗಳು ಸಿಕ್ಕವು. ಅವುಗಳಲ್ಲಿ 65 ಇದ್ದದ್ದು ಈ ನಾಳಗಳ ಬಾಯೊಳಗೆ. ಎಎಫ್ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದ ಶೋಧ ಅದು. ನಮ್ಮ ವಿಷಯಕ್ಕೆ ಅದರ ಅರ್ಥ ಇಷ್ಟು: ಶ್ವಾಸಕೋಶದ ಒಂದು ಭಾಗ ತೆಗೆಯುವಾಗ ಸರ್ಜನ್ ಕಟ್ಟಿ ಕತ್ತರಿಸುವ ನಾಳಗಳಲ್ಲಿ ಇವೂ ಸೇರಿವೆ. ಎಎಫ್‌ನ ಕಿಡಿ ಹುಟ್ಟುವ ಜಾಗದ ಪಕ್ಕದಲ್ಲೇ ಕತ್ತರಿ ಆಡಿರುತ್ತದೆ.

ಮೂರನೆಯ ದಿನದ ಕಥೆಗೆ ಇಷ್ಟೇ ಕಾರಣವಲ್ಲ. ಆಪರೇಷನ್ ಆದ ಮೇಲೆ ದೇಹದಲ್ಲಿ ಉರಿಯೂತ ಏರುತ್ತ ಹೋಗುತ್ತದೆ. ನೋವು, ನಿದ್ದೆಗೇಡು ಅಡ್ರಿನಲಿನ್ ಏರಿಸುತ್ತವೆ. ಉಳಿದ ಶ್ವಾಸಕೋಶದೊಳಗೆ ಅದೇ ಪ್ರಮಾಣದ ರಕ್ತ ನುಗ್ಗಬೇಕಾದ್ದರಿಂದ ಹೃದಯದ ಬಲಭಾಗಕ್ಕೆ ಒತ್ತಡ. ಇವೆಲ್ಲ ಸೇರುವುದು ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ, ಎಎಫ್ ಹೆಚ್ಚಾಗಿ ಕಾಣುವುದೂ ಆಗಲೇ. ಶ್ವಾಸಕೋಶದ ಒಂದು ಹಾಲೆ ತೆಗೆಸಿಕೊಂಡವರಲ್ಲಿ ಹತ್ತರಿಂದ ಇಪ್ಪತ್ತು ಶೇಕಡಾ ಮಂದಿಗೆ ಇದು ಬರಬಹುದು. ಒಂದು ಕಡೆಯ ಶ್ವಾಸಕೋಶವನ್ನು ಪೂರ್ತಿ ತೆಗೆದರೆ ಇನ್ನೂ ಹೆಚ್ಚು. ಅಂದರೆ ಇದು ಅಪರೂಪದ ಅನಾಹುತವಲ್ಲ, ಸರ್ಜನ್ ಎದುರು ನೋಡುತ್ತಲೇ ಇರುವ ಸಂಗತಿ. ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ಲಯ ತಾನಾಗಿ ಸರಿಹೋಗುತ್ತದೆ.

ಉರಿಯೂತವೇ ಕಾರಣವಾದರೆ ಅದನ್ನು ಮೊದಲೇ ತಗ್ಗಿಸಬಾರದೇಕೆ? ಈ ಯೋಚನೆಯನ್ನು ಪರೀಕ್ಷೆಗೆ ಹಚ್ಚಿದ್ದಾರೆ. ಗೌಟ್ ಎಂಬ ಕೀಲುನೋವಿಗೆ ಕೊಡುವ ಕಾಲ್ಚಿಸಿನ್ ಮಾತ್ರೆಯನ್ನು ಎದೆಯ ದೊಡ್ಡ ಆಪರೇಷನ್‌ಗೆ ಬಂದ 3,209 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಕೊಟ್ಟು, ಉಳಿದರ್ಧಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. 2023ರಲ್ಲಿ ಫಲಿತಾಂಶ ಬಂತು. ಔಷಧ ತೆಗೆದುಕೊಂಡವರಲ್ಲಿ 100ಕ್ಕೆ 6.4, ತೆಗೆದುಕೊಳ್ಳದವರಲ್ಲಿ 7.5 ಮಂದಿಗೆ ತೊಂದರೆ ಕೊಡುವಂಥ ಎಎಫ್ ಬಂದಿತ್ತು. ಕಾಕತಾಳೀಯ ಅನ್ನಬಹುದಾದಷ್ಟು ಸಣ್ಣ ಅಂತರ. ಹಾಗಾಗಿ ಎಲ್ಲರಿಗೂ ಮುಂಚಿತವಾಗಿ ಕೊಡುವ ಮದ್ದು ಎಂದು ಅದು ನಿಲ್ಲಲಿಲ್ಲ. ಸದ್ಯಕ್ಕೆ ಎಲ್ಲರೂ ಒಪ್ಪುವ ಮುನ್ನೆಚ್ಚರಿಕೆ ತೀರಾ ಸರಳವಾದದ್ದು: ಬಿಪಿಗೋ ಹೃದಯಕ್ಕೋ ಮೊದಲಿನಿಂದ ‘ಬೀಟಾ ಬ್ಲಾಕರ್’ ಮಾತ್ರೆ ನುಂಗುತ್ತಿದ್ದವರು ಆಪರೇಷನ್ ನೆಪದಲ್ಲಿ ಅದನ್ನು ತಟ್ಟನೆ ನಿಲ್ಲಿಸಬಾರದು. ಉಪವಾಸ ಎಂದು ಬಿಟ್ಟ ಮಾತ್ರೆಯನ್ನು ಮತ್ತೆ ಶುರುಮಾಡಲು ಮರೆತದ್ದೇ ಎಷ್ಟೋ ಸಲ ಬಡಿತ ಏರಲು ದಾರಿಯಾಗುತ್ತದೆ.

ಆಪರೇಷನ್ ಆಗದವರಿಗೂ ಇದು ಬರುತ್ತದೆ. ವಯಸ್ಸು, ಬೀಡಿ-ಸಿಗರೇಟು, ಅದರಿಂದ ಕೆಟ್ಟ ಶ್ವಾಸನಾಳಗಳು, ಬಿಪಿ: ಕ್ಯಾನ್ಸರ್ ಬೆಳೆದ ನೆಲ, ಎಎಫ್ ಬೆಳೆಯುವ ನೆಲ ಎಷ್ಟೋ ಮಟ್ಟಿಗೆ ಒಂದೇ. ಕೆಲವೊಮ್ಮೆ ಗಡ್ಡೆಯೇ ಹೃದಯದ ಹೊದಿಕೆಯನ್ನು ತಲುಪಿ, ಹೊದಿಕೆಗೂ ಹೃದಯಕ್ಕೂ ನಡುವೆ ನೀರು ತುಂಬುತ್ತದೆ. ಹಿಗ್ಗಲು ಜಾಗವಿಲ್ಲದ ಹೃದಯ ಬೇಗ ಬೇಗ ಬಡಿದುಕೊಳ್ಳುತ್ತದೆ. ಸೂಜಿ ಹಾಕಿ ನೀರು ತೆಗೆದರೆ ನಿಮಿಷಗಳಲ್ಲಿ ಉಸಿರು ಸಲೀಸಾಗುವುದುಂಟು.

ರೇಡಿಯೇಷನ್, ನಮ್ಮ ಊರುಗಳಲ್ಲಿ ‘ಕರೆಂಟ್ ಕೊಡೋದು’ ಅನ್ನುವುದು, ಅದರದ್ದೂ ಒಂದು ಪಾಲಿದೆ. ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು. ಶ್ವಾಸಕೋಶದ ಗಡ್ಡೆಗೆ 60 ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ) ಬದಲು 74 ಗ್ರೇ ಕಿರಣ ಕೊಟ್ಟರೆ ಹೆಚ್ಚು ಬದುಕುತ್ತಾರೆ ಎಂಬ ನಿರೀಕ್ಷೆ ತಲೆಕೆಳಗಾಗಿ, ಹೆಚ್ಚು ಕೊಟ್ಟವರೇ ಕಡಿಮೆ ಬದುಕಿದರು. ಹೃದಯಕ್ಕೆ ಎಷ್ಟು ಕಿರಣ ತಗುಲಿತ್ತು ಅನ್ನುವುದಕ್ಕೂ ಸಾವಿಗೂ ನಂಟು ಕಂಡಿತು. ಅಲ್ಲಿಂದೀಚೆಗೆ ಕಿರಣದ ಯೋಜನೆ ಹಾಕುವವರು ಹೃದಯದ ಪಾಲನ್ನು ಬೇರೆಯೇ ಲೆಕ್ಕ ಹಾಕುತ್ತಾರೆ. 2022ರಲ್ಲಿ ದಕ್ಷಿಣ ಕೊರಿಯಾದ ವೈದ್ಯರು ಇನ್ನೂ ಸೂಕ್ಷ್ಮಕ್ಕೆ ಹೋಗಿ, ಮೇಲೆ ಹೇಳಿದ ಆ ಪುಟ್ಟ ‘ಕಂಡಕ್ಟರ್’ ಜಾಗಕ್ಕೆ ಹೆಚ್ಚು ಕಿರಣ ತಗುಲಿದವರಲ್ಲಿ ಎಎಫ್ ಹೆಚ್ಚು ಎಂದು ತೋರಿಸಿದರು.

## ಕ್ಯಾನ್ಸರ್ ಔಷಧವೇ ಬಡಿತ ಕೆಡಿಸಿದಾಗ

ಒಸಿಮರ್ಟಿನಿಬ್ ಎಂಬ ಮಾತ್ರೆಯ ಹೆಸರು ಈಗ ಅನೇಕ ಮನೆಗಳಿಗೆ ಪರಿಚಿತ. ಗಡ್ಡೆಯಲ್ಲಿ ಇಜಿಎಫ್‌ಆರ್ ಎಂಬ ಜೀನ್ ಕೆಟ್ಟಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಸಿಗರೇಟು ಮುಟ್ಟದವರ, ಅದರಲ್ಲೂ ಏಷ್ಯಾದ ಹೆಂಗಸರ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಈ ಬಗೆ ಹೆಚ್ಚು. ಇಂಥ ಮಾತ್ರೆ ಶುರುಮಾಡುವ ಮುನ್ನ ಡಾಕ್ಟರ್ ಇಸಿಜಿ ಕೇಳಿದರೆ ‘ನಮಗೆ ಹಾರ್ಟ್ ತೊಂದರೆ ಏನೂ ಇಲ್ಲವಲ್ಲ’ ಅನ್ನುವವರಿದ್ದಾರೆ. ಡಾಕ್ಟರ್ ನೋಡುವುದು ಇಸಿಜಿಯಲ್ಲಿ ‘ಕ್ಯೂಟಿ’ ಅನ್ನುವ ಒಂದು ಅಳತೆಯನ್ನು.

ಕಮ್ಮಾರನ ತಿದಿ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಒಮ್ಮೆ ಒತ್ತಿದ ಮೇಲೆ ತಿದಿ ಮತ್ತೆ ಪೂರ್ತಿ ಉಬ್ಬಬೇಕು, ಆಮೇಲೆ ಮುಂದಿನ ಒತ್ತು. ಹೃದಯದ ಕೆಳಕೋಣೆಯೂ ಹಾಗೇ, ಒಂದು ಬಡಿತ ಮುಗಿಸಿ ವಿದ್ಯುತ್ತನ್ನು ಮತ್ತೆ ತುಂಬಿಕೊಳ್ಳಬೇಕು. ಬಡಿತ ಶುರುವಾದಲ್ಲಿಂದ ತುಂಬಿಕೊಂಡು ಮುಗಿಯುವವರೆಗಿನ ಹೊತ್ತೇ ಕ್ಯೂಟಿ. ಕೆಲವು ಔಷಧಗಳು ಈ ತುಂಬಿಕೊಳ್ಳುವಿಕೆಯನ್ನು ನಿಧಾನ ಮಾಡುತ್ತವೆ. ಅರ್ಧ ತುಂಬಿದ ಹೊತ್ತಿಗೆ ಇನ್ನೊಂದು ಸಂಕೇತ ಬಂದು ಬಿದ್ದರೆ ಕೆಳಕೋಣೆ ಗಿರಕಿ ಹೊಡೆಯತೊಡಗುತ್ತದೆ, ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ, ಪ್ರಾಣವೂ ಹೋಗಬಹುದು. ನಾಡಿಯ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದ ಕ್ಯೂಟಿ 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡ್ ದಾಟಿದರೆ ಅಪಾಯದ ಗೆರೆ ದಾಟಿದ ಹಾಗೆ. ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಎರಡು ಇಸಿಜಿಯಲ್ಲೂ ಹೀಗೇ ಬಂದರೆ ಒಸಿಮರ್ಟಿನಿಬ್ ನಿಲ್ಲಿಸಿ, ಕ್ಯೂಟಿ ಇಳಿದ ಮೇಲೆ 80 ಮಿಲಿಗ್ರಾಂ ಬದಲು 40ರಲ್ಲಿ ಮತ್ತೆ ಶುರುಮಾಡುವುದು ರೂಢಿ.

ಕ್ಯೂಟಿ ಉದ್ದವಾಗಲು ಸಾಮಾನ್ಯವಾಗಿ ಒಂದೇ ಔಷಧ ಸಾಲದು, ಹಲವು ಸೇರಬೇಕು. ಕಿಮೋದ ವಾಂತಿ ನಿಲ್ಲಿಸಲು ಕೊಡುವ ಆನ್‌ಡಾನ್‌ಸೆಟ್ರಾನ್, ಕೆಮ್ಮು-ಕಫಕ್ಕೆ ಮೆಡಿಕಲ್ ಶಾಪ್‌ನಲ್ಲಿ ಕೇಳಿದ ಕೂಡಲೇ ಸಿಗುವ ಅಜಿಥ್ರೋಮೈಸಿನ್, ಇವೂ ಸ್ವಲ್ಪ ಸ್ವಲ್ಪ ಎಳೆಯುತ್ತವೆ. ಭೇದಿಯಿಂದ ಪೊಟ್ಯಾಸಿಯಂ ಕಡಿಮೆಯಾಗಿದ್ದರೆ ಇನ್ನಷ್ಟು. ಸಿಸ್‌ಪ್ಲಾಟಿನ್ ಎಂಬ ಹಳೆಯ ಕಿಮೋ ಔಷಧ ಮೂತ್ರಪಿಂಡದ ಮೂಲಕ ಮೆಗ್ನೀಸಿಯಂ ಸೋರಿಹೋಗುವಂತೆ ಮಾಡುತ್ತದೆ. ಕಿಮೋ ಮುಗಿದ ಮೇಲೂ ಈ ಸೋರಿಕೆ ಮುಂದುವರಿಯಬಹುದು. ಮೆಗ್ನೀಸಿಯಂ ಇಳಿದರೆ ಪೊಟ್ಯಾಸಿಯಂ ಎಷ್ಟು ಕೊಟ್ಟರೂ ನಿಲ್ಲುವುದಿಲ್ಲ, ತೂತಿನ ಕೊಡಕ್ಕೆ ನೀರು ಸುರಿದ ಹಾಗೆ. ಬಡಿತ ತಪ್ಪಿದ ಕೂಡಲೇ ವೈದ್ಯರು ಬೇರೆ ಔಷಧಕ್ಕಿಂತ ಮೊದಲು ಈ ಎರಡು ಲವಣಗಳ ರಕ್ತಪರೀಕ್ಷೆ ಬರೆಯುವುದು ಇದಕ್ಕೇ. ಅಗ್ಗದ ಪರೀಕ್ಷೆ, ಅಗ್ಗದ ಮದ್ದು. ಇಡೀ ವಿಷಯದಲ್ಲಿ ಇಷ್ಟು ಸುಲಭವಾಗಿ ಸರಿಪಡಿಸಬಹುದಾದದ್ದು ಬೇರೊಂದಿಲ್ಲ.

ಎಎಲ್‌ಕೆ ಎಂಬ ಇನ್ನೊಂದು ಜೀನ್ ಕೆಟ್ಟವರಿಗೆ ಕೊಡುವ ಕ್ರಿಜೋಟಿನಿಬ್, ಅಲೆಕ್ಟಿನಿಬ್ ಮಾತ್ರೆಗಳದ್ದು ಇನ್ನೊಂದು ತೊಂದರೆ. ಇವು ನಾಡಿಯನ್ನು ನಿಧಾನ ಮಾಡುತ್ತವೆ. 50ಕ್ಕೋ ಅದಕ್ಕೂ ಕೆಳಗೋ ಇಳಿದರೂ ಎಷ್ಟೋ ಮಂದಿಗೆ ಏನೂ ಅನ್ನಿಸುವುದಿಲ್ಲ. ತಲೆಸುತ್ತು ಬಂದರೆ ಮೊದಲು ನೋಡಬೇಕಾದದ್ದು ಔಷಧದ ಚೀಟಿಯನ್ನು: ಜೊತೆಯಲ್ಲಿ ನಾಡಿ ಇಳಿಸುವ ಬಿಪಿ ಮಾತ್ರೆ ಇದೆಯೇ? ಅದನ್ನು ತೆಗೆದರೋ ಕ್ಯಾನ್ಸರ್ ಮಾತ್ರೆಯ ಪ್ರಮಾಣ ತಗ್ಗಿಸಿದರೋ ಹೆಚ್ಚಿನವರಿಗೆ ಸರಿಹೋಗುತ್ತದೆ. ಪೇಸ್‌ಮೇಕರ್ ಮಾತು ಅದಾದ ಮೇಲೆ.

ಅಪರೂಪಕ್ಕೆ ಬಂದರೂ ಎಲ್ಲಕ್ಕಿಂತ ಹೆದರಬೇಕಾದದ್ದು ಇಮ್ಯುನೋಥೆರಪಿಯ ಅಡ್ಡಪರಿಣಾಮ. ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್, ಡರ್ವಾಲುಮ್ಯಾಬ್ ಇಂಥ ಔಷಧಗಳು ಕ್ಯಾನ್ಸರನ್ನು ತಾವು ಕೊಲ್ಲುವುದಿಲ್ಲ. ದೇಹದ ಕಾವಲು ಕಣಗಳ ಸರಪಳಿ ಬಿಚ್ಚುತ್ತವೆ. ತೋಟ ಕಾಯಲು ಬಿಟ್ಟ ನಾಯಿ ಒಮ್ಮೊಮ್ಮೆ ಮನೆಯವರಿಗೇ ಬಾಯಿ ಹಾಕಿದ ಹಾಗೆ, ಈ ಕಣಗಳು ಹೃದಯದ ಸ್ನಾಯುವಿನ ಮೇಲೆ ತಿರುಗಿಬೀಳಬಹುದು. ನೂರಕ್ಕೆ ಒಬ್ಬರಿಗೋ ಅದಕ್ಕಿಂತ ಕಡಿಮೆಗೋ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಮೂರು ತಿಂಗಳೊಳಗೆ. ಆದರೆ ಆದವರಲ್ಲಿ ಸಾವಿನ ಪ್ರಮಾಣ ದೊಡ್ಡದು. ಸಂಕೇತ ಇಳಿಯುವ ಗೇಟೇ ಮುಚ್ಚಿಹೋಗಿ ನಾಡಿ ಕುಸಿಯಬಹುದು, ಇಲ್ಲವೇ ಕೆಳಕೋಣೆ ಹುಚ್ಚೆದ್ದು ಬಡಿಯಬಹುದು. ಹೊಸದಾಗಿ ಶುರುವಾದ ಏದುಸಿರು, ಎದೆನೋವು, ಎಚ್ಚರ ತಪ್ಪುವುದು, ಕೆಲವರಲ್ಲಿ ಜೊತೆಗೇ ಕಣ್ಣಿನ ರೆಪ್ಪೆ ಜೋತುಬೀಳುವುದು ಇದರ ಸುಳಿವು. ಇಲ್ಲಿ ಲಯ ಸರಿಪಡಿಸುವ ಮಾತ್ರೆ ಮುಖ್ಯ ಮದ್ದಲ್ಲ. ಇಮ್ಯುನೋಥೆರಪಿ ನಿಲ್ಲಿಸಿ, ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಕೂಡಲೇ ಕೊಡಬೇಕು. ಗಂಟೆಗಳ ಲೆಕ್ಕ.

## ಎಲ್ಲ ಜೋರು ಬಡಿತವೂ ಇಳಿಸಬೇಕಾದದ್ದಲ್ಲ

ನಾಡಿ 120 ಇದೆ, ಆದರೆ ಗಡಿಯಾರದ ಹಾಗೆ ಕ್ರಮವಾಗಿದೆ. ಇದು ಎಎಫ್ ಆಗಿರಲಾರದು. ಹೃದಯ ಬೇಕೆಂದೇ ಓಡುತ್ತಿರಬಹುದು. ರಕ್ತ ಕಡಿಮೆಯಾಗಿದ್ದರೆ, ಜ್ವರವಿದ್ದರೆ, ವಾಂತಿ-ಭೇದಿಯಿಂದ ನೀರು ಬತ್ತಿದ್ದರೆ, ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಬಂದು ಸಿಕ್ಕಿಕೊಂಡಿದ್ದರೆ, ಹೃದಯದ ಸುತ್ತ ನೀರು ತುಂಬಿದ್ದರೆ, ಬಡಿತ ಏರಿಸಿಯೇ ದೇಹ ತನ್ನನ್ನು ಉಳಿಸಿಕೊಳ್ಳುತ್ತಿರುತ್ತದೆ. ಅಂಥವರಿಗೆ ನಾಡಿ ಇಳಿಸುವ ಮಾತ್ರೆ ಕೊಟ್ಟರೆ ಮುಳುಗುತ್ತಿರುವವನ ಕೈಯ ಹಲಗೆ ಕಿತ್ತುಕೊಂಡ ಹಾಗೆ. ‘ಹಾರ್ಟ್‌ಬೀಟ್ ಜಾಸ್ತಿ ಇದೆ, ಹೋದ ಸಲದ ಮಾತ್ರೆ ಕೊಡೋಣವೇ’ ಎಂದು ಮನೆಯಲ್ಲೇ ತೀರ್ಮಾನಿಸಬಾರದು ಅನ್ನುವುದು ಇದಕ್ಕೇ.

## ವೇಗ ಇಳಿಸುವುದೋ, ಲಯ ತಿದ್ದುವುದೋ

ಎಎಫ್ ಎಂದು ಖಚಿತವಾಯಿತು ಅನ್ನೋಣ. ಬಿಪಿ ಕುಸಿದು ರೋಗಿ ತಣ್ಣಗಾಗುತ್ತಿದ್ದರೆ ಯೋಚನೆಗೆ ಸಮಯವಿಲ್ಲ, ಎದೆಗೆ ವಿದ್ಯುತ್ ಆಘಾತ ಕೊಟ್ಟು ಲಯಕ್ಕೆ ತರುತ್ತಾರೆ. ಹಾಗಿಲ್ಲದಿದ್ದರೆ ಎರಡು ದಾರಿ. ಮೇಲ್ಕೋಣೆ ಅದುರಿಕೊಂಡಿರಲಿ, ಕೆಳಕೋಣೆಯ ವೇಗ ಮಾತ್ರ ಹದಕ್ಕೆ ತರೋಣ ಅನ್ನುವುದು ಒಂದು. ಅದುರುವಿಕೆಯನ್ನೇ ನಿಲ್ಲಿಸೋಣ ಅನ್ನುವುದು ಇನ್ನೊಂದು. ಆಪರೇಷನ್ ಬೆನ್ನಿಗೆ ಬಂದದ್ದು ತಾನಾಗಿ ಹೋಗುವ ಸಾಧ್ಯತೆ ಹೆಚ್ಚಿರುವುದರಿಂದ ಮೊದಲ ದಾರಿಯೇ ಸಾಮಾನ್ಯ.

ಮಾತ್ರೆ ಆರಿಸುವಾಗ ಶ್ವಾಸಕೋಶ ನಡುವೆ ಬರುತ್ತದೆ. ಬೀಟಾ ಬ್ಲಾಕರ್‌ಗಳು ಅಡ್ರಿನಲಿನ್ ಪ್ರಭಾವ ತಡೆದು ಬಡಿತ ಇಳಿಸುತ್ತವೆ. ಉಬ್ಬಸ ಇದ್ದವರಿಗೆ ಶ್ವಾಸನಾಳ ಬಿಗಿದೀತು ಎಂಬ ಭಯದಿಂದ ಹಿಂದೆ ಇವನ್ನು ದೂರ ಇಡುತ್ತಿದ್ದರು. ಮೆಟೊಪ್ರೊಲೋಲ್, ಬಿಸೊಪ್ರೊಲೋಲ್ ಹೆಚ್ಚಾಗಿ ಹೃದಯದ ಮೇಲಷ್ಟೇ ಕೆಲಸ ಮಾಡುವುದರಿಂದ ಬೀಡಿಯಿಂದ ಶ್ವಾಸನಾಳ ಕೆಟ್ಟ ಬಹುತೇಕರಿಗೆ ಎಚ್ಚರಿಕೆಯಿಂದ ಕೊಡಬಹುದು. ತೀವ್ರ ಅಸ್ತಮಾ ಇದ್ದವರಿಗೆ ಡಿಲ್ಟಿಯಾಜೆಮ್ ಒಂದು ಆಯ್ಕೆ, ಆದರೆ ಹೃದಯ ದುರ್ಬಲವಾಗಿದ್ದರೆ ಅದು ಸಲ್ಲದು. ಡಿಜಾಕ್ಸಿನ್ ಹಳೆಯ ಮದ್ದು. ಫಾಕ್ಸ್‌ಗ್ಲೋವ್ ಎಂಬ ಹೂಗಿಡದ ಎಲೆಯ ಗುಣವನ್ನು ಇಂಗ್ಲೆಂಡಿನ ವಿಲಿಯಂ ವಿದರಿಂಗ್ 1785ರಲ್ಲೇ ಬರೆದಿಟ್ಟರು. ಅದು ಹೊರಹೋಗುವುದು ಮೂತ್ರಪಿಂಡದಿಂದ. ಸಿಸ್‌ಪ್ಲಾಟಿನ್‌ನಿಂದ ಮೂತ್ರಪಿಂಡ ಸೊರಗಿ, ಪೊಟ್ಯಾಸಿಯಂ ಇಳಿದಿದ್ದರೆ ಅದೇ ಮದ್ದು ವಿಷವಾಗುತ್ತದೆ.

ಲಯ ತಿದ್ದುವ ಔಷಧಗಳಲ್ಲಿ ಅಮಿಯೊಡಾರೋನ್ ಗಟ್ಟಿಗ. ಅದರ ಕುಖ್ಯಾತಿ ಏನೆಂದರೆ ಅದು ಶ್ವಾಸಕೋಶಕ್ಕೇ ಹಾನಿ ಮಾಡಬಲ್ಲದು. ಒಂದು ಶ್ವಾಸಕೋಶ ಕಳೆದುಕೊಂಡವನಿಗೆ ಉಳಿದ ಒಂದನ್ನೂ ಪಣಕ್ಕಿಡುವುದೇ ಎಂಬ ಹಿಂಜರಿಕೆ ಅದಕ್ಕೇ. ಕೆಲವು ದಿನಕ್ಕೆ, ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ; ತಿಂಗಳುಗಟ್ಟಲೆ ಕೊಡುವ ಮುನ್ನ ಎರಡು ಸಲ ಯೋಚಿಸುತ್ತಾರೆ. ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿಯುವ ಔಷಧ ಅದು, ಕ್ಯೂಟಿಯನ್ನೂ ಎಳೆಯುತ್ತದೆ.

ಇವೆಲ್ಲಕ್ಕೂ ಮೊದಲು ನೋಡಬೇಕಾದ ಇನ್ನೊಂದಿದೆ. ಉಸಿರು ಸಲೀಸಾಗಲು ಕೊಡುವ ಥಿಯೋಫಿಲಿನ್ ಜಾತಿಯ ಮಾತ್ರೆಗಳು, ಪದೇ ಪದೇ ಹಾಕುವ ಸಾಲ್ಬ್ಯುಟಮಾಲ್ ನೆಬ್ಯುಲೈಜರ್ ಬಡಿತ ಏರಿಸುತ್ತವೆ. ಒಂದು ಕೈಯಲ್ಲಿ ಆಕ್ಸಿಲರೇಟರ್ ತಿರುವುತ್ತ ಇನ್ನೊಂದರಲ್ಲಿ ಬ್ರೇಕ್ ಹಿಡಿಯುವುದು ಆಗಬಾರದಲ್ಲ.

## ರಕ್ತ ತೆಳು ಮಾಡಬೇಕೋ ಬೇಡವೋ

ಅತ್ಯಂತ ಕಷ್ಟದ ಪ್ರಶ್ನೆ ಇದೇ, ಇದಕ್ಕೆ ಸೂತ್ರವಿಲ್ಲ. ಎಎಫ್‌ನ ಹೆಪ್ಪಿನಿಂದ ಲಕ್ವ ಬರದಂತೆ ‘ರಕ್ತ ತೆಳುವಾಗಿಸುವ’ ಮಾತ್ರೆ ಕೊಡುತ್ತಾರೆ. ನಿಜಕ್ಕೂ ರಕ್ತವೇನೂ ನೀರಾಗುವುದಿಲ್ಲ, ಹೆಪ್ಪುಗಟ್ಟುವ ಗುಣ ತಗ್ಗುತ್ತದೆ. ಯಾರಿಗೆ ಕೊಡಬೇಕೆಂದು ನಿರ್ಧರಿಸಲು ವೈದ್ಯರ ಬಳಿ ಒಂದು ಅಂಕಪಟ್ಟಿ ಇದೆ: ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಆಗಿತ್ತೇ, ಹೃದಯ ದುರ್ಬಲವೇ, ರಕ್ತನಾಳದ ಕಾಯಿಲೆ ಇದೆಯೇ. ಅಂಕ ಹೆಚ್ಚಿದಷ್ಟೂ ಮಾತ್ರೆಯ ಅಗತ್ಯ ಹೆಚ್ಚು. ಆದರೆ ಆ ಪಟ್ಟಿಯಲ್ಲಿ ಕ್ಯಾನ್ಸರ್‌ಗೆ ಕಾಲಂ ಇಲ್ಲ. ಕ್ಯಾನ್ಸರ್ ರಕ್ತವನ್ನು ಹೆಪ್ಪುಗಟ್ಟುವ ಕಡೆಗೂ ಎಳೆಯುತ್ತದೆ, ಸೋರುವ ಕಡೆಗೂ ಎಳೆಯುತ್ತದೆ.

ಶ್ವಾಸಕೋಶದ ಗಡ್ಡೆ ನಾಳದ ಪಕ್ಕದಲ್ಲಿದ್ದರೆ ಕೆಮ್ಮಿದಾಗ ರಕ್ತ ಬರುತ್ತದೆ. ಈ ಕ್ಯಾನ್ಸರ್ ಮಿದುಳಿಗೆ ಹರಡುವುದೂ ಸಾಮಾನ್ಯ. ಅಲ್ಲಿನ ಗಡ್ಡೆಯಿಂದ ರಕ್ತ ಸೋರಿದರೆ ತಪ್ಪಿಸಲು ಹೋದ ಲಕ್ವ ಬೇರೆ ಬಾಗಿಲಿನಿಂದ ಬಂದ ಹಾಗೆ. ಕಿಮೋದಿಂದ ಪ್ಲೇಟ್‌ಲೆಟ್ ಇಳಿಯುತ್ತದೆ. ಡೆಂಗಿ ಕಾಲದಲ್ಲಿ ಎಲ್ಲರ ಬಾಯಲ್ಲೂ ಇರುವ ಅದೇ ಪ್ಲೇಟ್‌ಲೆಟ್. ಅದು 50,000ಕ್ಕಿಂತ ಕೆಳಗಿಳಿದರೆ ಮಾತ್ರೆಯ ಪ್ರಮಾಣ ತಗ್ಗಿಸುವ ಇಲ್ಲವೇ ನಿಲ್ಲಿಸುವ ಮಾತು ಬರುತ್ತದೆ, ಮತ್ತೆ ಏರಿದಾಗ ಶುರು. ಹಾಗಾಗಿ ಈ ತೀರ್ಮಾನ ಒಮ್ಮೆ ಮಾಡಿ ಮರೆಯುವಂಥದ್ದಲ್ಲ. ಪ್ರತಿ ಕಿಮೋ ಸುತ್ತಿಗೂ ಹೊಸದಾಗಿ ನೋಡಬೇಕು. ಆಪರೇಷನ್ ನಂತರದ ಎಎಫ್ 48 ಗಂಟೆ ದಾಟಿ ಉಳಿದರೆ, ಸೋರುವ ಭಯವಿಲ್ಲದಿದ್ದರೆ, ಲಯ ಸರಿಹೋದ ಮೇಲೆ ಸುಮಾರು ನಾಲ್ಕು ವಾರ ಮುಂದುವರಿಸುವುದು ವಾಡಿಕೆ.

ಹಳೆಯ ಮಾತ್ರೆ ವಾರ್ಫರಿನ್‌ಗೆ ಪದೇ ಪದೇ ರಕ್ತಪರೀಕ್ಷೆ ಬೇಕು, ಸೊಪ್ಪು ತಿಂದರೂ ಬಿಟ್ಟರೂ ಅದರ ಪ್ರಭಾವ ಏರಿಳಿಯುತ್ತದೆ. ಒಂದು ವಾರ ಊಟ ಸೇರುವ, ಇನ್ನೊಂದು ವಾರ ಗಂಜಿಯೂ ಇಳಿಯದ ಕಿಮೋ ರೋಗಿಗೆ ಅದು ಹೊಂದುವುದು ಕಷ್ಟ. ಅಪಿಕ್ಸಬಾನ್, ರಿವರಾಕ್ಸಬಾನ್ ಇಂಥ ಹೊಸವು ಈಗ ಹೆಚ್ಚು ಬಳಕೆಯಲ್ಲಿವೆ. ಮಾತ್ರೆ ನುಂಗಲಾಗದ ದಿನಗಳಲ್ಲಿ ಹೊಟ್ಟೆಯ ಚರ್ಮಕ್ಕೆ ಕೊಡುವ ಹೆಪಾರಿನ್ ಜಾತಿಯ ಇಂಜೆಕ್ಷನ್. ಆಸ್ಪಿರಿನ್ ಇವುಗಳ ಜಾಗ ತುಂಬುವುದಿಲ್ಲ.

## ಮಾತ್ರೆಗಳ ಒಳಜಗಳ

ಬಹಳಷ್ಟು ಔಷಧಗಳನ್ನು ಯಕೃತ್ತಿನ ಒಂದೇ ಕಿಣ್ವ ಅರೆದು ಹೊರಹಾಕುತ್ತದೆ. ಊರಿಗೆಲ್ಲ ಒಂದೇ ಹಿಟ್ಟಿನ ಗಿರಣಿ ಇದ್ದ ಹಾಗೆ. ಡಿಲ್ಟಿಯಾಜೆಮ್ ಆ ಗಿರಣಿಯನ್ನು ನಿಧಾನ ಮಾಡುತ್ತದೆ, ಆಗ ಜೊತೆಯ ರಕ್ತ ತೆಳು ಮಾಡುವ ಮಾತ್ರೆ ದೇಹದಲ್ಲಿ ಹೆಚ್ಚು ಉಳಿಯುತ್ತದೆ. ಕ್ರಿಜೋಟಿನಿಬ್ ಕೂಡ ಇದೇ ಗಿರಣಿಯ ಗಿರಾಕಿ, ಅದನ್ನು ತಡೆಯುವುದೂ ಹೌದು. ಗ್ರೇಪ್‌ಫ್ರೂಟ್ ಹಣ್ಣು ತಿನ್ನಬೇಡಿ ಎಂದು ಈ ಮಾತ್ರೆಯ ಸೂಚನೆಯಲ್ಲಿ ಬರೆದಿರುತ್ತದೆ. ನಮ್ಮಲ್ಲಿ ಯಾರು ತಿನ್ನುತ್ತಾರೆ ಅದನ್ನು ಅನ್ನಿಸಬಹುದು. ಅದೇ ಗುಣದ ಅಂಶಗಳು ಅದರ ಸೋದರ ಚಕ್ಕೋತದಲ್ಲೂ ಇವೆ. ದೇವನಹಳ್ಳಿಯ ಕಡೆಯವರು ಡಾಕ್ಟರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಇದಕ್ಕೆ ವಿರುದ್ಧದ್ದೂ ಇದೆ, ನಮ್ಮ ದೇಶಕ್ಕೆ ಅದು ಹೆಚ್ಚು ಸಂಬಂಧಿಸಿದ್ದು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮಚ್ಚೆ ಕಂಡರೆ ಇಲ್ಲಿ ಮೊದಲು ನೆನಪಾಗುವುದು ಕ್ಷಯ. ಎಷ್ಟೋ ಕ್ಯಾನ್ಸರ್ ರೋಗಿಗಳು ಮೊದಲು ಕೆಲವು ವಾರ ಟಿಬಿ ಮಾತ್ರೆ ನುಂಗಿಯೇ ಬಂದಿರುತ್ತಾರೆ. ಕೆಲವರಿಗೆ ಎರಡೂ ಇರುತ್ತವೆ. ಟಿಬಿ ಚಿಕಿತ್ಸೆಯ ರಿಫಾಂಪಿಸಿನ್ ಆ ಗಿರಣಿಯನ್ನು ಮೂರು ಪಾಳಿಯಲ್ಲಿ ಓಡಿಸುತ್ತದೆ. ರಕ್ತ ತೆಳು ಮಾಡುವ ಮಾತ್ರೆಯೂ ಒಸಿಮರ್ಟಿನಿಬ್ಬೂ ಕೆಲಸ ಮಾಡುವ ಮೊದಲೇ ಖಾಲಿ. ಮಿದುಳಿಗೆ ಹರಡಿ ಫಿಟ್ಸ್ ಬಂದಾಗ ಕೊಡುವ ಫೆನಿಟಾಯಿನ್‌ದೂ ಅದೇ ಕಥೆ.

ಕ್ಯಾನ್ಸರ್ ಔಷಧ ಬರೆಯುವವರು ಒಬ್ಬರು, ಹೃದಯದ್ದು ಇನ್ನೊಬ್ಬರು, ಶುಗರ್-ಬಿಪಿಯದ್ದು ಊರಿನ ಡಾಕ್ಟರ್. ಬೆಂಗಳೂರನ್ನೇ ತೆಗೆದುಕೊಂಡರೆ ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ. ಎರಡು ಕಟ್ಟಡ, ಎರಡು ಫೈಲು, ರೋಗಿ ಒಬ್ಬನೇ. ಈ ಎರಡು ವಿಭಾಗಗಳನ್ನು ಒಂದೆಡೆ ಕೂರಿಸುವ ‘ಕಾರ್ಡಿಯೋ ಆಂಕಾಲಜಿ’ ಎಂಬ ಶಾಖೆ ಬೆಳೆಯುತ್ತಿದೆ. ಯುರೋಪಿನ ಹೃದ್ರೋಗ ತಜ್ಞರ ಸಂಘ 2022ರಲ್ಲಿ ಇದಕ್ಕೆಂದೇ ಮೊದಲ ಮಾರ್ಗಸೂಚಿ ಹೊರತಂದಿತು. ಅದು ಎಲ್ಲ ಊರಿಗೂ ತಲುಪುವವರೆಗೆ, ಎಲ್ಲ ಮಾತ್ರೆಗಳ ಹೆಸರು ಒಟ್ಟಿಗೆ ಇರುವ ಏಕೈಕ ಜಾಗ ರೋಗಿಯ ಕೈಯಲ್ಲಿರುವ ಪ್ಲಾಸ್ಟಿಕ್ ಕವರ್.

## ಮನೆಯಲ್ಲಿ ನೋಡಿಕೊಳ್ಳುವುದು

ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ಹಿಡಿಯಿರಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಎಎಫ್‌ನಲ್ಲಿ ಕೈಕೊಡುತ್ತದೆ; ಪೂರ್ತಿ ಒಂದು ನಿಮಿಷ ಎಣಿಸಬೇಕು. ಅಂಕಿಯ ಜೊತೆಗೆ, ಬಡಿತ ಒಂದೇ ಅಂತರದಲ್ಲಿದೆಯೋ ತಪ್ಪಿ ತಪ್ಪಿ ಬರುತ್ತಿದೆಯೋ ಎಂದೂ ಬರೆದುಕೊಳ್ಳಿ. ಕೈಗಡಿಯಾರದ ಎಚ್ಚರಿಕೆ ಒಂದು ಸುಳಿವು, ರೋಗನಿರ್ಣಯವಲ್ಲ; ಅದನ್ನು ಇಸಿಜಿಯೇ ಖಚಿತಪಡಿಸಬೇಕು. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಎಚ್ಚರ ತಪ್ಪಿದರೆ, ಎದೆನೋವಿನ ಜೊತೆ ಏದುಸಿರು ಬಂದರೆ 108ಕ್ಕೆ ಕರೆ ಮಾಡಿ. ತೊಂದರೆ ಶುರುವಾದ ಗಂಟೆ ನೋಡಿಟ್ಟುಕೊಳ್ಳಿ, ರಕ್ತ ತೆಳು ಮಾಡುವ ಮಾತ್ರೆಯನ್ನು ಕೊನೆಯ ಸಲ ನುಂಗಿದ್ದು ಯಾವಾಗ ಎಂಬುದನ್ನೂ. ಆಸ್ಪತ್ರೆಯಲ್ಲಿ ಮೊದಲು ಕೇಳುವ ಎರಡು ಪ್ರಶ್ನೆ ಅವೇ.

ಇನ್ನು ಆ ಪ್ಲಾಸ್ಟಿಕ್ ಕವರ್. ಅದರಲ್ಲಿ ಚಿಕಿತ್ಸೆ ಶುರುವಾಗುವ ಮುನ್ನ ತೆಗೆದ ಇಸಿಜಿ ಇದೆಯೇ ನೋಡಿ. ಹೊಸ ಇಸಿಜಿಯಲ್ಲಿ ಕ್ಯೂಟಿ ಉದ್ದವಾಗಿದೆಯೇ, ಲಯ ಈಗ ಕೆಟ್ಟದ್ದೋ ಮೊದಲೇ ಹಾಗಿತ್ತೋ ಎಂದು ಹೇಳಲು ವೈದ್ಯರಿಗೆ ಬೇಕಾದದ್ದು ಆ ಹಳೆಯ ಕಾಗದ. ಅದು ಸಾಮಾನ್ಯವಾಗಿ ಶಾಖಕ್ಕೆ ಅಚ್ಚಾಗುವ ಕಾಗದ, ಬಸ್ ಟಿಕೆಟ್ಟಿನ ಹಾಗೆ. ಬಿಸಿಲಿಗೂ ಪ್ಲಾಸ್ಟಿಕ್ಕಿಗೂ ಒಂದೆರಡು ವರ್ಷದಲ್ಲಿ ಗೆರೆಗಳು ಮಾಸಿ ಬಿಳಿಯಾಗುತ್ತವೆ. ಇವತ್ತೇ ಒಂದು ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಒಂದು ಫೋಟೊ ಇರಲಿ.